ಪಟ್ಟಿ ಇದ್ದರೆ ಗಾಂಧಿಬಜಾರು, ಪಟ್ಟಿ ಇಲ್ಲದಿದ್ದರೆ ಚರ್ಚ್ ಸ್ಟ್ರೀಟು

ಮೂರು ತಿಂಗಳಿಗೊಮ್ಮೆ ನಾನು ಹಾಸನದಿಂದ ಬೆಂಗಳೂರಿಗೆ ಪುಸ್ತಕ ತರಲು ಹೋಗುತ್ತೇನೆ. ಮದುವೆ, ಆಸ್ಪತ್ರೆ, ಕೋರ್ಟು ಅಂತ ಯಾವ ನೆಪವೂ ಇಲ್ಲ, ಬರೀ ಪುಸ್ತಕಕ್ಕೆ. ನಮ್ಮ ಬೀದಿಯ ಏಳೆಂಟು ಮನೆಯವರು ಸೇರಿ ಒಂದು ಓದುವ ಕೂಟ ಮಾಡಿಕೊಂಡಿದ್ದೇವೆ. ತಿಂಗಳಿಗೆ ತಲಾ ನೂರು ರೂಪಾಯಿ ಹಾಕುತ್ತೇವೆ, ಪುಸ್ತಕಗಳು ನಮ್ಮನೆ ಹಜಾರದ ಬೀರುವಿನಲ್ಲಿರುತ್ತವೆ. ಮೊದಲು ಯಾರು ಬೆಂಗಳೂರಿಗೆ ಹೋದರೆ ಅವರ ತಲೆಗೆ ಕಟ್ಟುತ್ತಿದ್ದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಕೆಲಸ ಸರ್ವಾನುಮತದಿಂದ ನನಗೇ ಬಂತು. ಕೂಟದ ಗಂಡಸರ ಲೆಕ್ಕ ಇಷ್ಟೇ: ಇವರಿಗೆ ವೇಗದೂತದಲ್ಲಿ ಟಿಕೆಟ್ ಇಲ್ಲ, ಹೋಗಿಬರುವ ದುಡ್ಡಿಗೆ ಇನ್ನೆರಡು ಪುಸ್ತಕ ಬರುತ್ತೆ.

ಹೋದ ಸಲದ ಪಟ್ಟಿ ಹೀಗಿತ್ತು. ನಮ್ಮತ್ತೆಯವರಿಗೆ ಅಕ್ಷರ ದಪ್ಪ ಇರುವ ಸಾಮಾಜಿಕ ಕಾದಂಬರಿ. ಎದುರು ಮನೆ ಮೇಷ್ಟ್ರಿಗೆ ಗದ್ಯಾನುವಾದದ ಸಮೇತ ಒಂದು ಹಳಗನ್ನಡ ಕಾವ್ಯ. ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳಿಗೆ ಇಂಗ್ಲಿಷ್ ಕಾದಂಬರಿ, 'ಯಾವ್ದಾದ್ರೂ ಸರಿ ಚಿಕ್ಕಮ್ಮ, ಹಳೇದಾದ್ರೂ ಪರವಾಗಿಲ್ಲ.' ಮೂಲೆಮನೆ ಹುಡುಗನಿಗೆ ಪಿಯುಸಿ ಗೈಡು. ಸಕಲೇಶಪುರದ ಕಡೆ ತೋಟ ಮಾಡಿರುವ ಗೆಳತಿಯ ಯಜಮಾನರಿಗೆ ಬ್ರಿಟಿಷರ ಕಾಲದಲ್ಲಿ ಕಾಫಿ ಬಗ್ಗೆ ಬಂದ ಏನಾದರೂ. ಈ ಐದು ಸಾಲನ್ನೂ ಒಂದೇ ಅಂಗಡಿಯಲ್ಲಿ ಮುಗಿಸುತ್ತೇನೆ ಎಂದು ಹೊರಟವರು ಮೂರು ಸಾಲಿಗೆ ಅಡ್ಡಗೆರೆ ಎಳೆದುಕೊಂಡು ಬರುತ್ತಾರೆ. ನಾನೂ ಎರಡು ವರ್ಷ ಹಾಗೇ ಬಂದವಳು.

ಹಾಗಾಗಿ 'ಬೆಂಗಳೂರಲ್ಲಿ ಪುಸ್ತಕಕ್ಕೆ ಯಾವ ಅಂಗಡಿ ಚೆನ್ನ?' ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಕೈಯಲ್ಲಿ ಪಟ್ಟಿ ಇದೆಯೋ ಇಲ್ಲವೋ ಅಂತ. ಎರಡನೆಯದು, ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಅಂತ.

ಎರಡನೆಯದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಹಾಸನದಿಂದ ಸುಮಾರು 185 ಕಿ.ಮೀ., ನಾಲ್ಕು ಗಂಟೆ ಹಿಡಿಯಿರಿ. ಬೆಳಿಗ್ಗೆ ಆರರ ಬಸ್ಸು ಹತ್ತಿದರೆ ಹತ್ತಕ್ಕೆ ನೆಲಮಂಗಲ ದಾಟಿರುತ್ತೀರಿ. ಮೆಜೆಸ್ಟಿಕ್ ತನಕ ಬಸ್ಸಲ್ಲೇ ಕೂತು ಯಶವಂತಪುರದ ಟ್ರಾಫಿಕ್ ನೋಡುವ ಬದಲು ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮೆಟ್ರೊ ಹತ್ತಿ. ಅದೇ ಗಾಡಿ ರಾಜಾಜಿನಗರ, ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಜಯನಗರ ಅಂತ ಸಾಲಾಗಿ ಹೋಗುತ್ತೆ. ಈ ನಿಲ್ದಾಣಗಳ ಪಟ್ಟಿಯೇ ಕನ್ನಡ ಪುಸ್ತಕದಂಗಡಿಗಳ ಪಟ್ಟಿಯೂ ಹೌದು. ರೈಲಿನವರಿಗೂ ಇದೇ ದಾರಿ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ಮಾರ್ಗ ಶುರುವಾದ ಮೇಲೆ ಯಶವಂತಪುರದಲ್ಲಿ ಇಳಿದರೆ ಮೆಟ್ರೊ ಎದುರಿಗೇ. ಚಿಕ್ಕಮಗಳೂರಿನವರಿಗೆ ಇನ್ನೂ ಅರವತ್ತು ಕಿ.ಮೀ. ಜಾಸ್ತಿ. ಒಂದೇ ದಿನದಲ್ಲಿ ಹೋಗಿಬರುವುದಾದರೆ ಒಂದೇ ಬಡಾವಣೆ ಆರಿಸಿಕೊಳ್ಳಿ, ಎರಡಕ್ಕೆ ಆಸೆಪಡಬೇಡಿ.

ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ನಡೆದುಹೋಗುವಷ್ಟು ಹತ್ತಿರ ಗಾಂಧಿನಗರದ ಸಪ್ನ. 1967ರಲ್ಲಿ ಶುರುವಾದದ್ದು, ಈಗ ಮಹಡಿ ಮೇಲೆ ಮಹಡಿ. ಎಲ್‌ಕೆಜಿ ಕಾಪಿ ಪುಸ್ತಕದಿಂದ ಹಿಡಿದು ಕೆಎಎಸ್ ಗೈಡಿನ ತನಕ, ಪೆನ್ನಿನಿಂದ ಹಿಡಿದು ಕಾದಂಬರಿಯ ತನಕ ಒಂದೇ ಸೂರಿನಡಿ. ಅವರೇ ಪ್ರಕಾಶಕರೂ ಆಗಿರುವುದರಿಂದ ಕನ್ನಡದ ಕಪಾಟುಗಳೂ ತುಂಬಿರುತ್ತವೆ. ಲೇಖಕರ ಹೆಸರು, ಪುಸ್ತಕದ ಹೆಸರು ಎರಡೂ ಸರಿಯಾಗಿ ಗೊತ್ತಿದ್ದು, ಮಕ್ಕಳು ಜೊತೆಗಿದ್ದು, ಎರಡೇ ಗಂಟೆ ಕೈಯಲ್ಲಿದ್ದರೆ ಯೋಚನೆ ಮಾಡದೆ ಇಲ್ಲಿಗೆ ಹೋಗಿ. ಅಷ್ಟು ದೊಡ್ಡ ಜಾಗದಲ್ಲಿ ಹೆಸರು ಮರೆತುಹೋದ ಪುಸ್ತಕ ಕೇಳಬಾರದು, ಅಷ್ಟೇ. ಸಂತೆಯಲ್ಲಿ ಪರಿಚಯದವರನ್ನು ಹುಡುಕಿದ ಹಾಗಾಗುತ್ತೆ.

ಗಾಂಧಿನಗರದಲ್ಲೇ ನವಕರ್ನಾಟಕದ ಮಳಿಗೆಯೂ ಇದೆ. 1960ರಿಂದ ಇರುವ ಪ್ರಕಾಶನ. ವಿಜ್ಞಾನ, ಆರೋಗ್ಯ, ಇತಿಹಾಸ, ಮಕ್ಕಳ ಪುಸ್ತಕ ಕನ್ನಡದಲ್ಲಿ ಬೇಕು ಅಂದರೆ ನಾನು ಸಪ್ನಕ್ಕಿಂತ ಇದನ್ನೇ ಮೇಲೆ ಹಾಕುತ್ತೇನೆ. ನಿರಂಜನ ಅವರ ಸಂಪಾದಕತ್ವದಲ್ಲಿ ದೇಶದೇಶಗಳ ಕಥೆಗಳನ್ನು 25 ಸಂಪುಟಗಳಲ್ಲಿ ತಂದವರು ಇವರೇ. ಅದರ ಬಿಡಿ ಸಂಪುಟಗಳನ್ನು ಒಂದೊಂದಾಗಿ ಸೇರಿಸುತ್ತಾ ನಮ್ಮ ಕೂಟದ ಬೀರುವಿನ ಒಂದು ಅಂಕಣ ತುಂಬಿದೆ. ಬೇಸಿಗೆ ರಜೆಗೆ ಮುಂಚೆ ಮಕ್ಕಳ ಪುಸ್ತಕಕ್ಕೆ ಹೋಗುವುದಾದರೆ ಇಲ್ಲಿಗೆ ಹೋಗಿ. ಬೆಲೆ ಕೈಗೆಟಕುತ್ತೆ, ಪುಸ್ತಕ ತೆಳ್ಳಗಿರುತ್ತವೆ, ಚೀಲಕ್ಕೆ ಇಪ್ಪತ್ತು ಹಿಡಿಸುತ್ತವೆ.

ಇನ್ನು ಗಾಂಧಿಬಜಾರು. ನನ್ನ ಪಕ್ಷಪಾತ ಶೀರ್ಷಿಕೆಯಲ್ಲೇ ಗೊತ್ತಾಗಿರಬೇಕು.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದರೆ ಹೂವಿನ ಅಂಗಡಿ, ಗ್ರಂಧಿಗೆ ಅಂಗಡಿಗಳ ನಡುವೆ ಅಂಕಿತ ಪುಸ್ತಕ. ಸಪ್ನದ ಒಂದು ಮಹಡಿಯಷ್ಟೂ ಇಲ್ಲ. ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. ಆದರೆ ಇರುವುದೆಲ್ಲ ಕನ್ನಡ, ಮತ್ತು ಕೌಂಟರಿನ ಹಿಂದೆ ಇರುವವರಿಗೆ ಪುಸ್ತಕ ಗೊತ್ತು. ಇದರ ಬೆಲೆ ಏನು ಅನ್ನುವುದು ನನಗೆ ಅತ್ತೆಯವರ ಪಟ್ಟಿಯಿಂದ ತಿಳಿಯಿತು. ಅವರು ಹೇಳಿ ಕಳಿಸಿದ್ದು ಇಷ್ಟು: 'ಮಲೆನಾಡಿನ ಕಥೆ, ವಿಧವೆ ಹುಡುಗಿ ಒಬ್ಬಳು ಬರ್ತಾಳೆ, ಬರೆದೋರು ಹೆಂಗಸು, ಸುಧಾದಲ್ಲೋ ಪ್ರಜಾಮತದಲ್ಲೋ ಧಾರಾವಾಹಿಯಾಗಿ ಓದಿದ್ದೆ.' ಇದನ್ನು ಕಂಪ್ಯೂಟರಿಗೆ ಹೇಗೆ ಹೊಡೆಯುವುದು? ಇಲ್ಲಿ ಕೌಂಟರಿನವರು ಕೇಳಿದ್ದು ಎರಡೇ ಪ್ರಶ್ನೆ. 'ಕೊನೇಲಿ ಅವಳ ಗತಿ ಏನಾಗುತ್ತೆ ಅಂತ ಹೇಳಿದ್ರಾ ಮೇಡಂ? ಯಾವ ವರ್ಷದ ಸುಮಾರು ಓದಿದ್ದಂತೆ?' ನಾನು ಅತ್ತೆಗೆ ಫೋನ್ ಹಚ್ಚಿ ಅವರ ಕೈಗೇ ಕೊಟ್ಟೆ. ಒಂದು ನಿಮಿಷ ಇಬ್ಬರೂ ಮಾತಾಡಿದರು. ಆಮೇಲೆ ಸ್ಟೂಲು ಹಾಕಿಕೊಂಡು ಮೇಲಿನ ಅರೆಯಿಂದ ಮೂರು ಪುಸ್ತಕ ಇಳಿಸಿ, 'ಇದಲ್ಲ, ಇದಲ್ಲ, ಇದಿರಬೇಕು ನೋಡಿ' ಅಂದರು. ಅದೇ ಆಗಿತ್ತು. ಮಿಕ್ಕ ಎರಡನ್ನೂ ನಾನು ಬಿಡಲಿಲ್ಲ ಅನ್ನುವುದು ಬೇರೆ ವಿಷಯ. ವ್ಯಾಪಾರ ಅಂದರೆ ಅದು.

ಬೆಂಗಳೂರಿನ ಹಳೇ ಓದುಗರು ಈಗಲೂ ಪ್ರೀಮಿಯರ್ ಅಂಗಡಿಯ ಟಿ.ಎಸ್. ಶಾನಭಾಗರ ಮಾತು ತೆಗೆಯುವುದು ಇದಕ್ಕೇ. 1971ರಿಂದ 2009ರವರೆಗೆ ನಡೆದ ಆ ಪುಟ್ಟ ಅಂಗಡಿಯಲ್ಲಿ ಪುಸ್ತಕಗಳು ನೆಲದಿಂದ ಸೂರಿನ ತನಕ ಪೇರಿಸಿರುತ್ತಿದ್ದವಂತೆ. ಕೇಳಿದ್ದು ಯಾವ ರಾಶಿಯಲ್ಲಿ ಎಷ್ಟನೆಯದು ಅಂತ ಅವರಿಗೆ ಗೊತ್ತಿರುತ್ತಿತ್ತಂತೆ. 2021ರಲ್ಲಿ ಅವರು ಹೋದರು. ನಾನು ಆ ಅಂಗಡಿಗೆ ಕಾಲಿಟ್ಟವಳಲ್ಲ. ಆದರೆ ಪುಸ್ತಕದಂಗಡಿ ಹೋಲಿಸಲು ಸ್ಥಳದ ಅಳತೆ, ರಿಯಾಯಿತಿ, ಎಸಿ ಇವೆಲ್ಲಕ್ಕಿಂತ ಆ ನೆನಪಿನ ಅಳತೆಗೋಲೇ ಸರಿ ಅನ್ನಿಸುತ್ತೆ.

ಕನ್ನಡದ ಮಟ್ಟಿಗೆ ಈ ನೆನಪು ಇನ್ನೂ ಮುಖ್ಯವಾಗಲು ಕಾರಣ ಇದೆ. ಕನ್ನಡದಲ್ಲಿ ಒಂದು ಮುದ್ರಣ ಅಂದರೆ ಬಹುಪಾಲು ಸಾವಿರ ಪ್ರತಿ, ಈಚೆಗೆ ಐನೂರಕ್ಕೂ ಇಳಿದದ್ದುಂಟು. ಅದರಲ್ಲಿ ಒಂದು ಪಾಲು ಗ್ರಂಥಾಲಯಗಳಿಗೆ ಹೋಗಿಬಿಡುತ್ತೆ. ಉಳಿದದ್ದು ಮುಗಿದ ಮೇಲೆ ಮರುಮುದ್ರಣ ಆಗುವುದೋ ಇಲ್ಲವೋ, ಯಾವ ಪ್ರಕಾಶಕರ ಉಗ್ರಾಣದಲ್ಲಿ ಹತ್ತು ಪ್ರತಿ ಉಳಿದಿದೆಯೋ, ಇದು ತಿಳಿದವರು ಅಂಗಡಿಯಲ್ಲಿದ್ದರೆ ಮಾತ್ರ ಪುಸ್ತಕ ಸಿಗುತ್ತೆ. 'ಇವತ್ತಿಲ್ಲ, ಮುಂದಿನ ವಾರ ತರಿಸಿಡ್ತೀವಿ' ಅನ್ನುವ ಮಾತನ್ನು ನಂಬಬಹುದಾದ ಅಂಗಡಿ ಯಾವುದೋ ಅದೇ ನಿಮ್ಮ ಅಂಗಡಿ.

ಗಾಂಧಿಬಜಾರಿಗೆ ಹೋಗುವವರು ಶುಕ್ರವಾರ ಹೋಗಬೇಡಿ. ವಿದ್ಯಾರ್ಥಿ ಭವನಕ್ಕೆ ಅವತ್ತು ರಜೆ. 1943ರಿಂದ ಇರುವ ಹೋಟೆಲಿನ ಎದುರು ಬೋರ್ಡು ನೋಡಿಕೊಂಡು ಹಸಿದು ನಿಲ್ಲುವುದು ನನಗೆ ಆಗಿದೆ.

ರಾಜಾಜಿನಗರದ ಆಕೃತಿ ಪುಸ್ತಕವೂ ಇದೇ ಜಾತಿಯದು. ಚಿಕ್ಕದು, ಕನ್ನಡದ್ದು, ಕೂತು ಮಾತಾಡಬಹುದಾದದ್ದು. ತುಮಕೂರು ರಸ್ತೆ ಕಡೆಯಿಂದ ಬರುವ ನಮಗೆ ಗಾಂಧಿಬಜಾರಿಗಿಂತ ಮೊದಲೇ ಸಿಗುತ್ತೆ. ಮಧ್ಯಾಹ್ನದ ಬಸ್ಸಿಗೇ ವಾಪಸಾಗಬೇಕು ಅನ್ನುವ ದಿನ ನಾನು ಇಲ್ಲಿಗೆ ಬಂದು ಹೊರಟುಬಿಡುತ್ತೇನೆ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿರುವ ನಾಗಶ್ರೀ ಕೂಡ ಒಳ್ಳೆಯದೇ, ಆ ಕಡೆ ನೆಂಟರಿದ್ದರೆ.

ಎದುರು ಮನೆ ಮೇಷ್ಟ್ರ ಸಾಲು ಮಾತ್ರ ಈ ಯಾವ ಅಂಗಡಿಯಲ್ಲೂ ಸುಲಭಕ್ಕೆ ಮುಗಿಯುವುದಿಲ್ಲ. ಹಳಗನ್ನಡ, ವ್ಯಾಕರಣ, ಶಾಸನ, ನಿಘಂಟು ಬೇಕಾದವರು ಚಾಮರಾಜಪೇಟೆಗೆ, ಕನ್ನಡ ಸಾಹಿತ್ಯ ಪರಿಷತ್ತಿಗೆ ಹೋಗಬೇಕು. 1915ರ ಸಂಸ್ಥೆ, ಅವರ ಪ್ರಕಟಣೆಗಳು ಅಲ್ಲೇ ಮಾರಾಟಕ್ಕಿವೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರದ ಮಳಿಗೆ. ಪ್ರಾಧಿಕಾರದ ಪುಸ್ತಕ ಮೊದಲೇ ಸೋವಿ, ನವೆಂಬರಿನಲ್ಲಿ ರಾಜ್ಯೋತ್ಸವದ ಹೆಸರಲ್ಲಿ ಅರ್ಧ ಬೆಲೆಗೂ ಕೊಡುವುದುಂಟು. ನಮ್ಮ ಮೇಷ್ಟ್ರು ಇದಕ್ಕಾಗಿ ಅಕ್ಟೋಬರಿನಲ್ಲಿ ಒಂದು ಪುಸ್ತಕವನ್ನೂ ಬರೆಸುವುದಿಲ್ಲ. ಎರಡೂ ಕಡೆ ಕಚೇರಿಯ ವೇಳೆ ಅನ್ನುವುದನ್ನು ಮರೆಯಬೇಡಿ. ಭಾನುವಾರ, ಎರಡನೇ ಶನಿವಾರ, ನಾಲ್ಕನೇ ಶನಿವಾರ, ಊಟದ ಹೊತ್ತು ಇವನ್ನೆಲ್ಲ ಲೆಕ್ಕ ಹಾಕಿ ಹೋಗಿ. ಆರಿಸಿ ಆರಿಸಿ ನೋಡುವ ಸುಖ ಇಲ್ಲಿಲ್ಲ. ಹೆಸರು ಹೇಳಬೇಕು, ರಸೀದಿ ಬರೆಸಬೇಕು, ತರಬೇಕು.

ಪರಿಷತ್ತಿನ ದೊಡ್ಡ ಕನ್ನಡ-ಕನ್ನಡ ನಿಘಂಟು ಎಂಟು ಸಂಪುಟ. ಅದನ್ನು ಒಂದೇ ಸಲಕ್ಕೆ ತರುವ ಸಾಹಸ ಯಾರೂ ಮಾಡಬೇಡಿ, ನಾನು ಮಾಡಿದೆ. ಎರಡು ಕ್ಯಾನ್ವಾಸ್ ಚೀಲ, ಒಂದೊಂದರಲ್ಲಿ ನಾಲ್ಕು. ಹಿಡಿ ಅಂಗೈಗೆ ಕಚ್ಚಿ ಬೆರಳು ನೀಲಿಯಾಯಿತು. ಬಸ್ಸಿನ ಮೆಟ್ಟಿಲ ಮೇಲೆ ಚೀಲ ಎತ್ತಿಕೊಟ್ಟ ಕಂಡಕ್ಟರು, 'ಏನಮ್ಮ ಇದು, ಗ್ರಾನೈಟಾ?' ಅಂದರು. ನಿಘಂಟು ಅಂದೆ. 'ಹಂಗಾದ್ರೆ ಕೆಳಗಿಡಬೇಡಿ, ಕಾಲು ತಾಕುತ್ತೆ' ಅಂತ ತಾವೇ ಚಾಲಕರ ಹಿಂದಿನ ಜಾಗ ಬಿಡಿಸಿ ಇಡಿಸಿದರು. ಸರ್ಕಾರಿ ಬಸ್ಸಿನಲ್ಲಿ ಒಬ್ಬರಿಗೆ 30 ಕೆ.ಜಿ. ಲಗೇಜಿನ ತನಕ ದುಡ್ಡಿಲ್ಲ. ಆ ಮಿತಿಯನ್ನು ತೆಂಗಿನಕಾಯಿಗೆ ಬಳಸಿಕೊಂಡವರಿದ್ದಾರೆ, ನಾನು ಅಕಾರಾದಿಗೆ ಬಳಸಿಕೊಂಡೆ.

ಪಟ್ಟಿ ಇಲ್ಲದವರ ಊರು ಬೇರೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮೆಟ್ರೊಗೆ ಬದಲಾಯಿಸಿ ಎಂ.ಜಿ. ರಸ್ತೆಯಲ್ಲಿ ಇಳಿದು ಹಿಂದಿನ ಬೀದಿಗೆ ಹೋದರೆ ಚರ್ಚ್ ಸ್ಟ್ರೀಟು. ಬೆಳಿಗ್ಗೆ ಒಂಬತ್ತಕ್ಕೇ ಹೋದರೆ ಬಾಗಿಲು ಹಾಕಿರುತ್ತೆ, ಹನ್ನೊಂದರ ಮೇಲೆ ಹೋಗಿ. ಬ್ಲಾಸಮ್, ಬುಕ್‌ವರ್ಮ್ ಎರಡೂ ಹೊಸದು-ಹಳೇದು ಬೆರೆಸಿ ಮಾರುವ ಅಂಗಡಿಗಳು. ಬ್ಲಾಸಮ್ ಅನ್ನು ಕಟ್ಟಿದವರು ಒಂದು ಕಾಲಕ್ಕೆ ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಪುಸ್ತಕ ಹರಡಿ ಮಾರಿದ ಎಂಜಿನಿಯರು. ಆ ಫುಟ್‌ಪಾತಿನ ಗುಣ ಅಂಗಡಿಯಲ್ಲಿ ಇನ್ನೂ ಉಳಿದಿದೆ. ಕಪಾಟಿನಲ್ಲಿ ಹಿಡಿಸದ್ದು ಮೆಟ್ಟಿಲ ಪಕ್ಕ, ಅಲ್ಲೂ ಹಿಡಿಸದ್ದು ನೆಲದ ಮೇಲೆ. ಹಳೇ ಪುಸ್ತಕದ ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಬೆಲೆ ಇರುತ್ತೆ, ಅದನ್ನೇ ಮೊದಲು ನೋಡಿ. ಕೆಲವೊಮ್ಮೆ ಅದರ ಕೆಳಗೆ ಯಾರದೋ ಹುಟ್ಟುಹಬ್ಬದ ಹಾರೈಕೆ, ಯಾವುದೋ ಊರಿನ ಕ್ಲಬ್ಬಿನ ಮುದ್ರೆ, ಒಣಗಿದ ಬಸ್ ಟಿಕೆಟ್. ಅಕ್ಕನ ಮಗಳ 'ಯಾವ್ದಾದ್ರೂ ಸರಿ'ಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದು ಹೊಸ ಇಂಗ್ಲಿಷ್ ಕಾದಂಬರಿಯ ದುಡ್ಡಿಗೆ ಎರಡು ಮೂರು ಹಳೇವು ಬರುತ್ತವೆ, ಓದಿ ಮುಗಿದ ಮೇಲೆ ಅವರೇ ವಾಪಸ್ ಕೊಳ್ಳುವುದೂ ಉಂಟು.

ಎರಡರಲ್ಲಿ ಯಾವುದು ಮೇಲು ಎಂದು ಹುಡುಗರು ಜಗಳವಾಡುತ್ತಾರೆ. ನನಗೆ ಬ್ಲಾಸಮ್‌ನಲ್ಲಿ ಹುಡುಕುವುದು ಹಿತ, ಬುಕ್‌ವರ್ಮ್‌ನಲ್ಲಿ ನಿಲ್ಲುವುದು ಹಿತ. ಮಂಡಿ ನೋವು ಇರುವವರು ಎರಡನೆಯದನ್ನು ಆರಿಸಿಕೊಳ್ಳಿ.

ಆದರೆ ಕನ್ನಡದ ಪಟ್ಟಿ ಹಿಡಿದು ಚರ್ಚ್ ಸ್ಟ್ರೀಟಿಗೆ ಹೋಗಬೇಡಿ. 2025ರ ಮೇನಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾನು ಇದನ್ನು ಕಣ್ಣಾರೆ ಕಂಡೆ. ಅವರ ಕಥೆಗಳ ಇಂಗ್ಲಿಷ್ ಅನುವಾದ ಅಲ್ಲಿ ಕೈಗೆ ಸಿಗುವ ಹಾಗೆ ಮುಂದೆಯೇ ಜೋಡಿಸಿತ್ತು. ಅಕ್ಕನ ಮಗಳಿಗೆ ಅದನ್ನು ಕೊಂಡೆ. ನನಗೆ ಬೇಕಾಗಿದ್ದ ಕನ್ನಡದ ಮೂಲಕ್ಕೆ ಮತ್ತೆ ಮೆಟ್ರೊ ಹತ್ತಿ ಗಾಂಧಿಬಜಾರಿಗೆ ಬಂದೆ. ಲೇಖಕಿ ಇರುವುದು ಹಾಸನದಲ್ಲಿ, ಓದುವವಳು ಇರುವುದು ಹಾಸನದಲ್ಲಿ, ಪುಸ್ತಕ ಮಾತ್ರ ಬೆಂಗಳೂರು ಸುತ್ತಿ ಬಂತು.

ಇದರದೇ ಇನ್ನೊಂದು ಮುಖ ಎಸ್.ಎಲ್. ಭೈರಪ್ಪನವರದು. ಅವರ ಕಾದಂಬರಿಗಳ ಒಳಪುಟದಲ್ಲಿ ಸಾಹಿತ್ಯ ಭಂಡಾರ, ಜಂಗಮಮೇಸ್ತ್ರಿ ಗಲ್ಲಿ, ಬಳೇಪೇಟೆ ಅಂತ ವಿಳಾಸ ಇರುತ್ತಿತ್ತು. ಸಂತೇಶಿವರದ ಲೇಖಕರನ್ನು ಊರಿಗೆ ತಲುಪಿಸಿದ್ದು ಆ ಗಲ್ಲಿ. ಆದರೆ ಅವರ ಪುಸ್ತಕಕ್ಕಾಗಿ ಬಳೇಪೇಟೆ ಹುಡುಕಿಕೊಂಡು ಹೋಗುವ ಅಗತ್ಯವೇನಿಲ್ಲ, ಹಾಸನದಲ್ಲೂ ಸಿಗುತ್ತವೆ. ಊರಲ್ಲಿ ಸಿಗುವುದನ್ನು ಪಟ್ಟಿಯಿಂದ ಹೊಡೆದುಹಾಕಿಯೇ ಬಸ್ಸು ಹತ್ತಬೇಕು.

ಬ್ರಿಗೇಡ್ ರಸ್ತೆಯ ಅಡ್ಡಬೀದಿಯಲ್ಲಿರುವ ಸೆಲೆಕ್ಟ್ ಅನ್ನು ಚರ್ಚ್ ಸ್ಟ್ರೀಟಿನ ಲೆಕ್ಕಕ್ಕೆ ಸೇರಿಸಬಾರದು. 1945ರ ಅಂಗಡಿ, ಹಳೆಯ ಮತ್ತು ಅಪರೂಪದ ಪುಸ್ತಕಗಳಿಗೆ ಹೆಸರಾದದ್ದು. ಇಲ್ಲಿ ಪೆನ್ಸಿಲ್ ಬೆಲೆ ನೋಡಿ ಎದೆ ಧಸಕ್ಕೆಂದರೆ ತಪ್ಪು ತಿಳಿಯಬೇಡಿ, ಹಳೇದೆಲ್ಲ ಅಗ್ಗ ಅಲ್ಲ. ತೋಟದ ಯಜಮಾನರ ಕಾಫಿ ಪುಸ್ತಕ ಕೇಳಿದೆ, ಇರಲಿಲ್ಲ. ಮಾತಿಗೆ ಮಾತು ಬೆಳೆದು ಯಾವ ಊರು, ಯಾವ ಸೀಮೆ ಅಂತ ಬಂದಾಗ ಸಿಕ್ಕಿದ್ದು 1897ರ ಮೈಸೂರು ಗೆಜೆಟಿಯರಿನ ಎರಡನೇ ಸಂಪುಟದ ಮರುಮುದ್ರಣ. ಜಿಲ್ಲೆವಾರು ವಿವರ ಇರುವುದು ಆ ಸಂಪುಟದಲ್ಲೇ. ಹಾಸನ ಹಾಸನದ ಹೆಸರಲ್ಲೇ ಇದೆ, ಚಿಕ್ಕಮಗಳೂರು ಹುಡುಕಿದರೆ ಸಿಗದು, ಆಗ ಅದು ಕಡೂರು ಜಿಲ್ಲೆ. ಬಾಬಾಬುಡನ್ ಗಿರಿಯೂ ಉಂಟು, ಕಾಫಿಯೂ ಉಂಟು. ಯಜಮಾನರು ಈಗ ಆ ಪುಸ್ತಕ ಯಾರಿಗೂ ಎರವಲು ಕೊಡುವುದಿಲ್ಲ. ಕೂಟದ ನಿಯಮಕ್ಕೆ ಅದು ವಿರುದ್ಧ, ಆದರೆ ದುಡ್ಡು ಅವರೇ ಕೊಟ್ಟದ್ದು.

ಎಂ.ಜಿ. ರಸ್ತೆಯ ಹಿಗಿನ್‌ಬಾಥಮ್ಸ್ ಕಟ್ಟಡ ನೋಡಲಾದರೂ ಒಮ್ಮೆ ಹೋಗಿ, ಬೆಂಗಳೂರಿನಲ್ಲಿ 1905ರಿಂದ ಇದೆ. ಎಡ್ವರ್ಡ್ ರಸ್ತೆಯ ಚಂಪಕ 2019ರಲ್ಲಿ ಬಂದದ್ದು. ಕಿಟಕಿಯಾಚೆ ಮರ, ಒಳಗೆ ಕಾಫಿ, ಹುಷಾರಾಗಿ ಆರಿಸಿಟ್ಟ ಇಂಗ್ಲಿಷ್ ಪುಸ್ತಕಗಳು. ಕನ್ನಡಕ್ಕಾಗಿ ಹೋಗುವ ಜಾಗವಲ್ಲ, ಕಾಫಿ ಸೀಮೆಯವರು ಕಾಫಿಗಾಗಿಯೂ ಹೋಗಬೇಕಿಲ್ಲ, ಆದರೆ ಮಳೆಗಾಲದ ಮಧ್ಯಾಹ್ನ ಎರಡು ಗಂಟೆ ಸುಮ್ಮನೆ ಕೂರಲು ಹೋಗಬಹುದು.

ಪಿಯುಸಿ ಹುಡುಗನ ಗೈಡು ತಂದದ್ದು ಅವೆನ್ಯೂ ರಸ್ತೆಯಿಂದ. ಚಿಕ್ಕಪೇಟೆಯಲ್ಲಿ ಇಳಿಯಿರಿ. ಹಳೇ ಪಠ್ಯಪುಸ್ತಕಕ್ಕೆ ಈ ರಸ್ತೆ, ಚೌಕಾಸಿಯೂ ಇಲ್ಲಿ ಮಾತ್ರ. ಯಾವ ವರ್ಷದ ಆವೃತ್ತಿ, ಸಿಲೆಬಸ್ ಬದಲಾಗಿದೆಯೇ ಅಂತ ಊರಿನ ಕಾಲೇಜಿನಲ್ಲೇ ಕೇಳಿಕೊಂಡು ಹೋಗಿ. ಅಂಗಡಿಯವರಿಗೆ ಎಲ್ಲ ಆವೃತ್ತಿಯೂ 'ಲೇಟೆಸ್ಟು'.

ಇಷ್ಟೆಲ್ಲ ಯಾಕೆ, ಆನ್‌ಲೈನಿನಲ್ಲಿ ತರಿಸಬಾರದೆ ಎಂದು ಕೂಟದ ಚಿಕ್ಕವರು ಕೇಳುತ್ತಾರೆ. ತರಿಸುತ್ತೇವೆ. ಹೆಸರು ಗೊತ್ತಿರುವ ಒಂದೋ ಎರಡೋ ಪುಸ್ತಕಕ್ಕೆ ಅದೇ ಸರಿ. ಹತ್ತಾದಾಗ ಸಾಗಣೆ ಖರ್ಚು ಕಣ್ಣಿಗೆ ಬೀಳುತ್ತೆ. 2024ರ ಡಿಸೆಂಬರಿನಲ್ಲಿ ಅಂಚೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತ ಮೇಲಂತೂ ಸಣ್ಣ ಪ್ರಕಾಶಕರಿಂದ ಕಟ್ಟು ತರಿಸುವುದು ಮೊದಲಿನಷ್ಟು ಅಗ್ಗವಿಲ್ಲ. ಅಂಗಡಿಯಲ್ಲಾದರೆ ಕನ್ನಡ ಪುಸ್ತಕಕ್ಕೆ ಶೇ 10 ಬಿಡಿ ಅಂತ ಕೇಳುವುದು ವಾಡಿಕೆ, ಬಹುತೇಕ ಕಡೆ ಇಲ್ಲ ಅನ್ನುವುದಿಲ್ಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಬೆಲೆಯ ಮೇಲೆ ಬೇರೇನೂ ಏರುವುದಿಲ್ಲ.

ಎಲ್ಲಿ ಕೊಂಡರೂ ಒಂದು ಕೆಲಸ ಮಾಡಿ, ಕೌಂಟರಿನಲ್ಲೇ ಪುಟ ತಿರುವಿ. ಪುಸ್ತಕ ಅಚ್ಚಾಗುವುದು ಹದಿನಾರು ಪುಟದ ಫಾರಂಗಳಲ್ಲಿ. ಬೈಂಡಿಂಗಿನಲ್ಲಿ ಒಂದು ಫಾರಂ ಎರಡು ಸಲ ಸೇರಿ ಇನ್ನೊಂದು ಬಿಟ್ಟುಹೋಗುವುದು ಅಪರೂಪವಲ್ಲ. ಒಮ್ಮೆ, ಅಂಗಡಿಯ ಹೆಸರು ಬೇಡ, ತಂದ ಪತ್ತೇದಾರಿ ಕಾದಂಬರಿಯಲ್ಲಿ 160ನೇ ಪುಟದ ನಂತರ ಮತ್ತೆ 145 ಶುರುವಾಯಿತು, ಅದು ಮುಗಿದ ಮೇಲೆ ನೇರ 177. ಕೊಲೆಗಾರ ಸಿಕ್ಕಿಬಿದ್ದದ್ದು ಆ ನಡುವಿನ ಹದಿನಾರು ಪುಟದಲ್ಲಿ. ಫೋನ್ ಮಾಡಿದರೆ 'ತಂದುಕೊಡಿ, ಬದಲಾಯಿಸ್ತೀವಿ' ಅಂದರು. ಅವರ ತಪ್ಪೇನಿಲ್ಲ, ಆದರೆ 185 ಕಿ.ಮೀ. ಯಾರು ಹೋಗುತ್ತಾರೆ? ಓದಿದ ಏಳು ಮನೆಯವರೂ ಕೊಲೆಗಾರನನ್ನು ತಮಗೆ ತೋಚಿದ ಹಾಗೆ ಹಿಡಿದಿದ್ದಾರೆ.

ಸಂಜೆ ವಾಪಸಾಗುವಾಗ ಬೆಳಗಿನ ಜಾಣತನ ಮಾಡಬೇಡಿ. ಗೊರಗುಂಟೆಪಾಳ್ಯದಲ್ಲಿ ನಿಂತು ಕೈ ಅಡ್ಡ ಹಿಡಿದರೆ ಬರುವ ಹಾಸನದ ಬಸ್ಸುಗಳೆಲ್ಲ ತುಂಬಿರುತ್ತವೆ, ಚೀಲ ಕಾಲ ಸಂದಿಯಲ್ಲಿ ಇಟ್ಟುಕೊಂಡು ಕುಣಿಗಲ್ ಬೈಪಾಸ್ ತನಕ ನಿಲ್ಲಬೇಕು. ಭಾರ ಇದ್ದ ದಿನ ಮೆಜೆಸ್ಟಿಕ್‌ಗೇ ಹೋಗಿ ಹತ್ತಿ, ಎಡಗಡೆ ಕಿಟಕಿ ಪಕ್ಕ ಕೂತು, ನಿಮ್ಮ ಪಟ್ಟಿಯದಲ್ಲದ ಒಂದು ಪುಸ್ತಕ ಚೀಲದ ಮೇಲ್ಗಡೆ ಇಟ್ಟುಕೊಳ್ಳಿ. ನೆಲಮಂಗಲದ ತನಕ ಓದುವಷ್ಟು ಬೆಳಕಿರುತ್ತೆ.